ಅವನ ಪಾಲು

ಏಳನೆಯ ಇಯತ್ತೆಯ ಮಕ್ಕಳಿಗೆ ಪತ್ರಲೇಖನವನ್ನು ಕಲಿಸುವುದು ನೋಡಲಿಕ್ಕೆ ಸುಲಭವಾದ ಕೆಲಸ. ಕಾಗದಕ್ಕೆ ಐದು ಅಂಗಗಳು: ಮೇಲ್ಮೂಲೆಯಲ್ಲಿ ಸ್ಥಳ ಮತ್ತು ತಾರೀಖು, ಆಮೇಲೆ ಸಂಬೋಧನೆ, ಅದರ ಕೆಳಗೆ ಒಕ್ಕಣೆ, ಕೊನೆಗೆ ಸಹಿ, ಹೊರಗೆ ವಿಳಾಸ. ಇದನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ ಮಕ್ಕಳು ನಾಲ್ಕು ಅಂಗಗಳನ್ನು ತಪ್ಪಿಲ್ಲದೆ ಇಳಿಸಿಕೊಳ್ಳುತ್ತಾರೆ. ಒಕ್ಕಣೆಯ ಹತ್ತಿರ ಬಂದೊಡನೆ ಲೇಖಣಿ ನಿಲ್ಲುತ್ತದೆ. "ಎಲ್ಲಾರೂ ಆರಾಮ ಅದೀವಿ ಅಂತ ಬರದ್ನಿ. ಮುಂದೇನ್ ಬರೀಲಿರಿ ಸರ?" ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬರುತ್ತದೆ. ಈ ಪ್ರಶ್ನೆಗೆ ಉತ್ತರವು ಯಾವ ಪಠ್ಯಪುಸ್ತಕದಲ್ಲಿಯೂ ನನಗೆ ಸಿಕ್ಕಲಿಲ್ಲ. ಸಿಕ್ಕಿದ್ದು ನಮ್ಮ ಅಡಿಗೆಮನೆಯ ಮಣೆಯ ಮೇಲೆ. ಸೈನ್ಯದಲ್ಲಿರುವ ನಮ್ಮ ಮಗನಿಗೆ ಅವನ ತಾಯಿ ಹಬ್ಬಹಬ್ಬಕ್ಕೆ ಬರೆಯುತ್ತ ಬಂದ ಕಾಗದಗಳಲ್ಲಿ.

ನಮ್ಮದು ಸಾಂಗಲಿಯ ಗಾಂವಭಾಗದಲ್ಲಿಯ ಹಳೆಯ ಮನೆ. ಅಜ್ಜ ತೇರದಾಳದಿಂದ ಬಂದವರು. ತೇರದಾಳ, ಶಹಾಪುರ, ಶಿರಹಟ್ಟಿಗಳೆಲ್ಲ ೧೯೪೮ರ ವರೆಗೆ ಸಾಂಗಲಿ ಸಂಸ್ಥಾನದ ತಾಲೂಕುಗಳೇ ಆಗಿದ್ದುದರಿಂದ ಕನ್ನಡದವನು ಸಾಂಗಲಿಗೆ ಬಂದು ನೆಲೆಸುವುದು ಅಂದು ಪರದೇಶಗಮನವೆನಿಸುತ್ತಿರಲಿಲ್ಲ. ನನ್ನ ಹೆಂಡತಿಯ ತವರು ಜತ್ತ ತಾಲೂಕಿನ ಒಂದು ಹಳ್ಳಿ. ಈ ಜಿಲ್ಲೆಯಲ್ಲಿ ಕನ್ನಡ ಶಾಲೆಗಳು ಹೆಚ್ಚಾಗಿರುವುದು ಆ ಕಡೆಗೇ. ಆಕೆ ಕಲಿತದ್ದು ನಾಲ್ಕನೆಯ ಇಯತ್ತೆಯ ವರೆಗೆ. ಮಗನನ್ನು ಕನ್ನಡ ಶಾಲೆಗೇ ಹಾಕಿದೆವು. ಹೈಸ್ಕೂಲಿಗೆ ಅವನು ಮರಾಠಿಗೆ ಹೋದ, ಅಲ್ಲಿಂದ ಸೈನ್ಯಕ್ಕೆ. ಈ ಸೀಮೆಯಲ್ಲಿ ಅದೇನೂ ವಿಶೇಷವಲ್ಲ. ಮಿರಜದಿಂದ ದೂರವಲ್ಲದ ಶಿರೋಳ ತಾಲೂಕಿನ ಟಾಕಳಿಯು ತನ್ನ ಮಕ್ಕಳನ್ನು ಸೈನ್ಯಕ್ಕೆ ಕೊಟ್ಟು ಕೊಟ್ಟು 'ಸೈನಿಕ ಟಾಕಳಿ' ಎಂದೇ ಹೆಸರಾಗಿದೆ. ನಮ್ಮ ಹುಡುಗನ ತರಬೇತಿ ಬೆಳಗಾವಿಯಲ್ಲಾಯಿತು. ಮರಾಠಾ ಲಘು ಪದಾತಿದಳದ ಕೇಂದ್ರವು ೧೯೨೨ರಿಂದ ಅಲ್ಲಿಯೇ ಇದೆ. ಮಿರಜದಲ್ಲಿ ರೈಲು ಹತ್ತಿದರೆ ಮೂರು ತಾಸಿನ ದಾರಿ. ಆದುದರಿಂದ ಆ ದಿನಗಳಲ್ಲಿ ಅವನು ದೂರ ಹೋದನೆಂದು ನಮಗೆ ಅನ್ನಿಸಲೇ ಇಲ್ಲ. ದೂರವೆಂಬುದು ತಿಳಿದದ್ದು ವಿಳಾಸ ಬಂದ ಮೇಲೆ.

ಸೈನಿಕನ ವಿಳಾಸದಲ್ಲಿ ಊರೇ ಇರುವುದಿಲ್ಲ. ಹೆಸರು, ನಂಬರು, ಪಲಟಣದ ಹೆಸರು, ಕೊನೆಗೆ '೫೬ ಎ.ಪಿ.ಓ.' ಎಂಬ ಸೈನ್ಯದ ಅಂಚೆಯ ಗುರುತು. ಅವನು ಮರುಭೂಮಿಯಲ್ಲಿರಲಿ, ಹಿಮದಲ್ಲಿರಲಿ, ಲಕೋಟೆಯ ಮೇಲೆ ಇಷ್ಟೇ. ಮಕ್ಕಳಿಗೆ ನಾನು ಕಲಿಸಿದ ಐದನೆಯ ಅಂಗವು ಇಲ್ಲಿ ಅರ್ಧಕ್ಕೆ ನಿಂತಿತು. ನಮ್ಮ ಅವ್ವ, ಎಂದರೆ ಹುಡುಗನ ಅಜ್ಜಿ, ಮೊದಲ ಸಲ ಅದನ್ನು ಓದಿಸಿ ಕೇಳಿ, "ಊರಿಲ್ಲದ ಊರಿಗೆ ಕಾಗದ ಹ್ಯಾಂಗ ಮುಟ್ಟತೈತೋ?" ಎಂದಳು. ಮುಟ್ಟುತ್ತಿತ್ತು. ಸಾವಕಾಶವಾಗಿ, ಆದರೆ ಮುಟ್ಟುತ್ತಿತ್ತು.

ಫೋನು ಇರುವಾಗ ಕಾಗದವೇಕೆ ಎಂದು ನೀವು ಕೇಳಬಹುದು. ನಾನೂ ಹೆಂಡತಿಯನ್ನು ಕೇಳಿದ್ದೆ. ವಾರಕ್ಕೊಮ್ಮೆ ಅವನ ಫೋನು ಬರುತ್ತಿತ್ತು; "ಊಟ ಆತೇನು?", "ಆತು", "ಥಂಡಿ ಐತೇನು?", "ಐತಿ", ಇಷ್ಟಕ್ಕೆ ಮಾತು ಮುಗಿದು ಮೂವರೂ ಸುಮ್ಮನೆ ಉಸಿರಾಡುತ್ತಿದ್ದೆವು. ಫೋನಿನಲ್ಲಿ ಪ್ರಶ್ನೋತ್ತರ ನಡೆಯುತ್ತದೆ, ಹಬ್ಬ ನಡೆಯುವುದಿಲ್ಲ ಎಂಬುದು ಆಕೆಯ ಅಭಿಪ್ರಾಯ. ನಾನು ಬರೆದರೆ 'ಚಿರಂಜೀವಿಗೆ ಆಶೀರ್ವಾದಗಳು, ಉಭಯ ಕುಶಲೋಪರಿ' ಎಂದು ಆರಂಭವಾಗಿ ಎಂಟನೆಯ ಸಾಲಿಗೆ ಸಹಿ ಬಂದುಬಿಡುತ್ತದೆ. ಆಕೆಯ ಕಾಗದದಲ್ಲಿ ಕುಶಲವೂ ಇಲ್ಲ, ಉಪರಿಯೂ ಇಲ್ಲ. ಹೋಳಿಗೆಯ ಹೂರಣ ತೆಳ್ಳಗಾದದ್ದರಿಂದಲೇ ಕಾಗದಕ್ಕೆ ಮೊದಲು. ಯಾರ ಮನೆಯ ಸೊಸೆ ತವರಿಗೆ ಬಂದಳು, ಯಾರು ಬರಲಿಲ್ಲ, ಏಕೆ ಬರಲಿಲ್ಲ. ಓಣಿಯ ಮರಾಠಿ ಹುಡುಗರು ದೀಪಾವಳಿಗೆ ಕಟ್ಟಿದ ಮಣ್ಣಿನ ಕಿಲ್ಲೆ ಯಾವ ಕೋಟೆಯ ನಮೂನೆಯದು. ನಮ್ಮ ಅಂಗಳದಲ್ಲಿ ಸಗಣಿಯಿಂದ ಮಾಡಿ ಕೂಡಿಸಿದ ಪಾಂಡವರಲ್ಲಿ ಭೀಮನ ತಲೆಯನ್ನು ಬೆಕ್ಕು ಹೇಗೆ ಉರುಳಿಸಿತು. ಇವೆಲ್ಲ ಅದರಲ್ಲಿ ಬರುತ್ತಿದ್ದವು. ವಿರಾಮ ಚಿಹ್ನೆಗಳಿಗೆ ಆಕೆ ಎಂದೂ ವಶಳಾದವಳಲ್ಲ. ನಾಲ್ಕು ಪುಟಕ್ಕೆ ಒಂದು ಪೂರ್ಣವಿರಾಮ ಕಂಡರೆ ಅದು ಮಸಿಯ ಹನಿ ಇರಬೇಕು.

ಕಾಗದದ ಜೊತೆಗೆ ಸಾಮಾನುಗಳೂ ಹೋಗುತ್ತಿದ್ದವು. ಸಾಂಗಲಿಯ ಅರಿಷಿಣಕ್ಕೆ ೨೦೧೮ರಲ್ಲಿ ಭೌಗೋಲಿಕ ಗುರುತಿನ ಮನ್ನಣೆ ದೊರೆತದ್ದನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ನಮ್ಮ ಮನೆಯ ಕಾಗದಗಳ ನಾಲ್ಕು ಮೂಲೆಗಳಿಗೆ ಆ ಮನ್ನಣೆ ಬಹಳ ಹಿಂದಿನದು. ಶುಭದ ಕಾಗದವೆಂದರೆ ಮೂಲೆಗೆ ಅರಿಷಿಣ-ಕುಂಕುಮ ತಾಕಲೇಬೇಕು. ಸಂಕ್ರಾಂತಿಗೆ ಒಂದು ಚಿಟಿಕೆ ಕುಸುರೆಳ್ಳು. ಮಹಾನವಮಿಗೆ ಎರಡು ಎಲೆ: ಮರಾಠಿ ನೆರೆಯವರು ಕೊಟ್ಟ ಆಪಟೆಯದೊಂದು, ನಮ್ಮ ಬನ್ನಿಯದೊಂದು. ಬನ್ನಿಯ ಸಣ್ಣ ಎಲೆಗಳು ದಾರಿಯಲ್ಲಿ ಉದುರಿ ಲಕೋಟೆಯ ತಳದಲ್ಲಿ ಪುಡಿಯಾಗಿರುತ್ತಿದ್ದವಂತೆ. ಪುಡಿಯನ್ನೇ ಕಣ್ಣಿಗೆ ಒತ್ತಿಕೊಂಡೆ ಎಂದು ಅವನು ಒಮ್ಮೆ ಬರೆದ.

ಇವೆಲ್ಲದಕ್ಕೆ ಮೂಲವೆಲ್ಲಿ ಎಂದು ನೋಡಿದರೆ ನಾಗರ ಪಂಚಮಿಯಲ್ಲಿದೆ. ನಮ್ಮ ಕಡೆಯಲ್ಲಿ ನಾಗಪ್ಪನಿಗೆ ಹಾಲೆರೆಯುವಾಗ ಸುಮ್ಮನೆ ಎರೆಯುವುದಿಲ್ಲ. ಕೊಬ್ಬರಿಯ ಬಟ್ಟಲಲ್ಲಿ ಹಾಲು ಹಿಡಿದು ಒಂದೊಂದು ಹನಿಗೆ ಒಬ್ಬೊಬ್ಬರ ಹೆಸರು ಹೇಳಿ, ಇದು ದೇವರ ಪಾಲು, ಇದು ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಮನೆಯವರೆಲ್ಲರ ಹೆಸರಿನಿಂದ ಎರೆಯುತ್ತಾರೆ. ಮನೆಯಲ್ಲಿದ್ದವರದು ಎಷ್ಟೋ ಸಲ ಅವಸರದಲ್ಲಿ ಮುಗಿದುಹೋಗುತ್ತದೆ. ಪರಸ್ಥಳದಲ್ಲಿದ್ದವರ ಪಾಲಿಗೆ ಮಾತ್ರ ಕೈ ಸ್ವಲ್ಪ ತಡೆದು ಎರೆಯುವುದನ್ನು ನಾನು ನೋಡಿದ್ದೇನೆ. ಹಬ್ಬದ ಕಾಗದವೂ ಅಂತಹದೇ. ಅದು ವಾರ್ತೆಯಲ್ಲ, ಪಾಲು. ಹೂರಣ ತೆಳ್ಳಗಾದ ಸುದ್ದಿಯಿಂದ ಗಡಿಯ ಮೇಲಿದ್ದವನಿಗೆ ಏನು ಪ್ರಯೋಜನ? ಏನೂ ಇಲ್ಲ, ಆ ಹೋಳಿಗೆ ಹಂಚುವಾಗ ಅವನನ್ನು ಲೆಕ್ಕಕ್ಕೆ ಹಿಡಿದಿದ್ದರು ಎಂಬುದು ಗೊತ್ತಾಗುತ್ತದೆ, ಅಷ್ಟೆ.

ಇನ್ನೊಂದು ಮಾತನ್ನು ಶಿಕ್ಷಕನಾಗಿ ಇಲ್ಲಿ ಹೇಳದಿರಲಾರೆ. ಅವನ ಜೊತೆಗಾರರು ಮರಾಠಿ ಆಡುತ್ತಾರೆ, ಆಜ್ಞೆಗಳು ಹಿಂದಿಯಲ್ಲಿ. ಜೋಳದ ಅಳ್ಳು, ಅಳ್ಳಿಟ್ಟು, ಶೇಂಗಾ ಉಂಡಿ, ಜೋಕಾಲಿ ಎಂಬ ಮಾತುಗಳನ್ನು ಅವನು ವರ್ಷಕ್ಕೊಮ್ಮೆ ಕಣ್ಣಿನಿಂದಲಾದರೂ ಕಾಣುತ್ತಿದ್ದುದು ಆ ನಾಲ್ಕು ಪುಟಗಳಲ್ಲಿ. ಗಡಿನಾಡಿನಲ್ಲಿ ಕನ್ನಡದ ಉಳಿವಿಗಾಗಿ ನಾವು ಠರಾವು ಮಾಡುತ್ತೇವೆ, ಸಂಘ ಕಟ್ಟುತ್ತೇವೆ, ಮಾಡಬೇಕಾದದ್ದೇ. ಆದರೆ ನನ್ನ ಮಗನ ಕನ್ನಡವನ್ನು ಉಳಿಸಿದ್ದು ವಿರಾಮ ಚಿಹ್ನೆಯಿಲ್ಲದ ಆ ಅಡಿಗೆಮನೆಯ ಗದ್ಯ.

೨೦೧೯ನೆಯ ಇಸವಿಯಲ್ಲಿ ಪಂಚಮಿ ಬಂದದ್ದು ಆಗಸ್ಟ್ ೫ನೆಯ ತಾರೀಖು, ಸೋಮವಾರ. ಹುಡುಗನು ಆಗ ಕಾಶ್ಮೀರದಲ್ಲಿದ್ದ. ಹಿಂದಿನ ರಾತ್ರಿಯಿಂದಲೇ ಅಲ್ಲಿಯ ಫೋನುಗಳು ನಿಂತುಹೋದವು. ಮರುದಿನ ದಿಲ್ಲಿಯಲ್ಲಿ ೩೭೦ನೆಯ ಕಲಮಿನ ಸಂಬಂಧದ ನಿರ್ಣಯವಾಯಿತು. ಅತ್ತ ಅವನ ದನಿ ಕೇಳಿಸದಾಯಿತು. ಇತ್ತ ಕೃಷ್ಣೆ ಏರುತ್ತಿದ್ದಳು. ಸಾಂಗಲಿಯವರು ನದಿಯ ಎತ್ತರವನ್ನು ಅಳೆಯುವುದು ೧೯೨೯ರಲ್ಲಿ ಕಟ್ಟಿದ ಆಯರ್ವಿನ್ ಸೇತುವೆಯ ಬಳಿಯ ಗುರುತಿನಿಂದ. ೪೫ ಅಡಿ ಅಪಾಯದ ಮಟ್ಟ. ಆ ವಾರ ನೀರು ೨೦೦೫ರ ಮಹಾಪೂರವನ್ನೂ ಮೀರಿ ೫೭ ಅಡಿಯನ್ನು ದಾಟಿತು. ಮೂರು ವರ್ಷಗಳ ಹಿಂದೆ, ೨೦೧೬ರ ಏಪ್ರಿಲಿನಲ್ಲಿ, ಬಾಯಾರಿದ ಲಾತೂರಿಗೆ ಇದೇ ಕೃಷ್ಣೆಯ ನೀರನ್ನು ಮಿರಜದಿಂದ ರೈಲಿನಲ್ಲಿ ತುಂಬಿ ಕಳಿಸಿದ್ದನ್ನು ನಾವೆಲ್ಲ ನಿಲ್ದಾಣಕ್ಕೆ ಹೋಗಿ ನೋಡಿದ್ದೆವು. ನದಿಗೆ ಲೆಕ್ಕಪತ್ರ ಇಡುವ ಅಭ್ಯಾಸವಿಲ್ಲ.

ಪಂಚಮಿಯ ದಿನ ಹಾಲೆರೆದದ್ದಾಯಿತು, ಅವನ ಪಾಲನ್ನೂ ಸೇರಿಸಿ. ಮರುದಿನ ಓಣಿಗೆ ನೀರು ಬಂತು, ಅದರ ಮರುದಿನ ಒಳಗೆ ಬಂತು. ಅಟ್ಟದ ಮೇಲೆ ಒಂದು ರಾತ್ರಿ ಕಳೆದೆವು. ಕೆಳಗೆ ಪಾತ್ರೆಗಳು ತೇಲುತ್ತ ಒಂದಕ್ಕೊಂದು ತಗಲುವ ಸಪ್ಪಳವು ಯಾರೋ ಅಡಿಗೆ ಮಾಡುತ್ತಿರುವಂತೆಯೇ ಕೇಳಿಸುತ್ತಿತ್ತು. ಬೆಳಗಿನ ಜಾವ ಹಿಂದಿನ ಖೋಲಿಯ ಮಣ್ಣಿನ ಗೋಡೆ ಕುಸಿಯಿತು. ಅದು ಹುಡುಗನ ಖೋಲಿ. ಕಳೆದ ರಜೆಯಲ್ಲಿ ತಾನೇ ನಿಂತು ಸುಣ್ಣ ಹಚ್ಚಿದ್ದ. ಒಂದನೆಯ ಇಯತ್ತೆಯಿಂದ ಅವನ ಕನ್ನಡ ಪುಸ್ತಕಗಳನ್ನು ಅವನ ತಾಯಿ ಅಲ್ಲಿಯೇ ಕಪಾಟಿನಲ್ಲಿ ಜೋಡಿಸಿಟ್ಟಿದ್ದಳು. ಅವು ನೀರಿಗೆ ಹೋದವು.

ನಮ್ಮನ್ನು ಹೊರಗೆ ತಂದದ್ದು ಸೈನ್ಯದವರ ರಬ್ಬರಿನ ದೋಣಿ. ಅವ್ವನ ಕಂಕುಳಲ್ಲಿ ಉಂಡಿಯ ಡಬ್ಬಿ. ಸಾಮಾನು ತರಬಾರದೆಂದು ದೋಣಿಯ ಜವಾನನು ಹಿಂದಿಯಲ್ಲಿ ಹೇಳಿದರೆ, ಇದು ಸಾಮಾನಲ್ಲ, ಹಬ್ಬದ್ದು ಎಂದು ಅವ್ವ ಕನ್ನಡದಲ್ಲಿ ಉತ್ತರ ಕೊಟ್ಟಳು. ಇಬ್ಬರಿಗೂ ಪರಸ್ಪರರ ಮಾತು ತಿಳಿಯಲಿಲ್ಲವಾದ್ದರಿಂದ ವಾದ ಬೆಳೆಯಲಿಲ್ಲ. ಎತ್ತರದ ರಸ್ತೆಗೆ ಬಂದು ಇಳಿದ ಮೇಲೆ ಅವ್ವ ಡಬ್ಬಿ ತೆರೆದು ಅವನ ಕೈಯಲ್ಲಿ ಎರಡು ಉಂಡಿ ಇಟ್ಟಳು. ಅವನು ಅಲ್ಲಿಯೇ ನಿಂತು ತಿಂದು, ನೀರಿನ ಕಡೆಗೆ ಮುಖ ಮಾಡಿದ ಎಂದು ನನ್ನ ಹೆಂಡತಿ ಆಮೇಲೆ ಬರೆದಳು. ಮುಖ ಮಾಡಿದ್ದು ನನಗೆ ಕಂಡಿರಲಿಲ್ಲ. ತಾಯಂದಿರ ಕಾಗದದಲ್ಲಿ ಸ್ವಲ್ಪ ಬಣ್ಣ ಸೇರುತ್ತದೆ. ಆದರೆ ಉಂಡಿ ಎರಡೇ ಎಂಬುದು ನಿಜ. ಅದೇ ವಾರ, ಆಗಸ್ಟ್ ೮ರಂದು, ಪಲೂಸ ತಾಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿ ಎಷ್ಟೋ ಜನ ಮುಳುಗಿ ಹೋದರು. ನಾವು ಬದುಕಿ ಬಂದವರೊಳಗಿನವರು.

ವಿಶ್ರಾಮಬಾಗದ ಮೇಲಿನಿಂದ ಮಿರಜಕ್ಕೆ ಹೋಗಿ ನನ್ನ ಹೆಂಡತಿಯ ಅಣ್ಣನ ಮನೆಯಲ್ಲಿ ಉಳಿದೆವು. ಉಳಿದ ಉಂಡಿಗಳನ್ನು ಅಲ್ಲಿಯ ಮಕ್ಕಳಿಗೂ, ನಮ್ಮಂತೆಯೇ ಬಂದು ಹತ್ತಿರದ ಶಾಲೆಯೊಂದರಲ್ಲಿ ಇಳಿದ ಓಣಿಯವರಿಗೂ ಹಂಚಿದ್ದಾಯಿತು. ಆಗಸ್ಟ್ ೧೫ ಸ್ವಾತಂತ್ರ್ಯದಿನ. ಆ ವರ್ಷ ರಾಖಿಯ ಹುಣ್ಣಿಮೆಯೂ ಅಂದೇ. ಮಗಳು ರಾಖಿಯನ್ನು ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದಳು. ಅವಳ ತಾಯಿ ನನ್ನ ಹತ್ತಿರ ಕಾಗದ ಕೇಳಿದಳು.

ಆಗ ಭಾವನವರು ಅಡ್ಡ ಬಂದರು. ಅವರ ಮಾತು ಹುರುಳಿಲ್ಲದ್ದಲ್ಲ. "ಬಂದೂಕ ಹಿಡದಾವನ ಕೈ ನಡಗಬಾರದವಾ ತಂಗಿ. ಹಬ್ಬ ಆತು, ಎಲ್ಲಾರೂ ಆರಾಮ ಅದೀವಿ ಅಂತ ಬರಿ. ಗ್ವಾಡಿ ಬಿದ್ದದ್ದು, ದೋಣ್ಯಾಗ ಬಂದದ್ದು ಅವಾ ರಜೆಕ್ಕ ಬಂದಾಗ ನೋಡತಾನ" ಎಂದರು. ಮುಚ್ಚಿಡುವುದು ಹೊಸತಲ್ಲವೆಂಬುದನ್ನು ನಾನೂ ಬಲ್ಲೆ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ನಮ್ಮ ದೇಶದ ಸಿಪಾಯಿಗಳ ಕಾಗದಗಳನ್ನು ಸರಕಾರದ ಪರಿಶೋಧಕರು ಓದಿ, ಆಯ್ದವುಗಳನ್ನು ಇಂಗ್ಲಿಷಿಗೆ ತಿರುಗಿಸಿ ವರದಿ ಮಾಡುತ್ತಿದ್ದರು. ಆ ವರದಿಗಳು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿ ಉಳಿದಿವೆ. ಅವರ ಕಣ್ಣು ತಪ್ಪಿಸಲಿಕ್ಕೆ ಸಿಪಾಯಿಗಳು ಅಡಿಗೆಮನೆಯ ಭಾಷೆಯನ್ನೇ ಬಳಸಿದರು. ಕರಿಮೆಣಸೆಂದರೆ ನಮ್ಮ ದಂಡು, ಕೆಂಪು ಮೆಣಸೆಂದರೆ ಬಿಳಿಯರ ದಂಡು. ಕರಿಮೆಣಸು ತೀರುತ್ತ ಬಂದಿತೆಂದರೆ ಮನೆಯವರು ಅರ್ಥ ಮಾಡಿಕೊಳ್ಳಬೇಕು. ಮೆಸೊಪೊಟೇಮಿಯದ ಕೂಟ್ ಎಂಬಲ್ಲಿ ೧೯೧೫ರ ಡಿಸೆಂಬರದಿಂದ ೧೯೧೬ರ ಏಪ್ರಿಲ್ ೨೯ರ ವರೆಗೆ ಮುತ್ತಿಗೆಯೊಳಗೆ ಸಿಕ್ಕಿ ಹಸಿದ ಪಡೆಯಲ್ಲಿ ಮರಾಠಾ ಪಲಟಣಗಳೂ ಇದ್ದವು. ಆ ಸಂಕ್ರಾಂತಿ, ಆ ಯುಗಾದಿಗಳು ಅವರ ಮನೆಗಳಲ್ಲಿ ಹೇಗೆ ಕಳೆದವೋ. ಅಲ್ಲಿ ಮುಚ್ಚಿಟ್ಟದ್ದು ಪರರಿಗೆ ಹೆದರಿ. ಭಾವನವರು ಮುಚ್ಚಿಡೆಂದದ್ದು ಅವನ ಮೇಲಿನ ಮಮತೆಯಿಂದ. ಇದನ್ನು ಅಲ್ಲಗಳೆಯುವುದು ಹೆಚ್ಚು ಕಠಿಣ.

ನನ್ನ ಹೆಂಡತಿ ಅಲ್ಲಗಳೆಯಲಿಲ್ಲ, ವಾದವನ್ನೂ ಮಾಡಲಿಲ್ಲ. "ಹಾಲ ಎರಿಯೂ ಮುಂದ ಅವನ ಪಾಲು ಬ್ಯಾರೆ ಇಡತೀವಿ ಇಲ್ಲೋ ಅಣ್ಣಾ? ಇದರಾಗೂ ಅವನ ಪಾಲು ಐತಿ. ಸಿಹಿದಷ್ಟ ಕಳಸಿದರ ಅವಾ ಮನಿ ಮಗ ಅಲ್ಲ, ಬೀಗರ ಆಗತಾನ" ಎಂದಳು. ಭಾವನವರು ಎಲೆಯಡಿಕೆಯ ಚೀಲವನ್ನು ಬಿಚ್ಚಿದರು. ಅದು ಅವರು ಸುಮ್ಮನಾದ ಗುರುತು.

ಆಕೆ ಬರೆದದ್ದು ಆರು ಪುಟ. ರೊಟ್ಟಿ ಹಬ್ಬದ ದಿನದ ಎಳ್ಳು ಹಚ್ಚಿದ ರೊಟ್ಟಿಯಿಂದಲೇ ಆರಂಭ. ಹಾಲೆರೆದದ್ದು, ಮಗಳ ಜೋಕಾಲಿ, ನೀರು, ತೇಲಿದ ಪಾತ್ರೆಗಳ ಸಪ್ಪಳ, ಗೋಡೆ, ಪುಸ್ತಕಗಳು, ದೋಣಿ, ಉಂಡಿ, ಎಲ್ಲವೂ ಒಂದೇ ವಾಕ್ಯದಲ್ಲಿ, ಹಬ್ಬ ಯಾವುದು ಹಾನಿ ಯಾವುದು ಎಂದು ಬೇರೆ ಮಾಡಲಿಕ್ಕೆ ಬಾರದಂತೆ. ಗೋಡೆ ಬಿದ್ದರೂ ಜೋಕಾಲಿ ಕಟ್ಟಿದ ತೊಲೆ ಗಟ್ಟಿಯಾಗಿದೆ, ಹಗ್ಗವೂ ಹಾಗೆಯೇ ಇದೆ ಎಂಬುದಕ್ಕೆ ಕೆಳಗೆ ಗೆರೆ ಎಳೆದಿದ್ದಳು. ಮೂಲೆಗೆ ಅರಿಷಿಣ ಹಚ್ಚಬೇಕೋ ಬೇಡವೋ ಎಂದು ಮಾತ್ರ ಒಂದು ಗಳಿಗೆ ಯೋಚಿಸಿ, ಅತ್ತಿಗೆಯ ಒಗ್ಗರಣೆ ಡಬ್ಬಿಯಿಂದ ತೆಗೆದು ಹಚ್ಚಿದಳು. ರಾಖಿಯನ್ನು ಒಳಗಿಟ್ಟು ಮರುದಿನ ಮಿರಜದ ಅಂಚೆಯಲ್ಲಿ ಹಾಕಿದೆವು.

ಹಾಕಿ ಬಂದ ಸಂಜೆಯೇ ಪಲಟಣದ ಫೋನಿನಿಂದ ಅವನ ದನಿ ಬಂತು. ಮೂರು ನಿಮಿಷ. ದೂರದರ್ಶನದಲ್ಲಿ ಸಾಂಗಲಿಯನ್ನು ನೋಡಿದ್ದ. "ನೀರ ಮನ್ಯಾಗ ಬಂತೇನಪಾ?" ಎಂದ. ಬಂತು, ಎಲ್ಲರೂ ಮಿರಜದಲ್ಲಿ ಜೀವಂತ ಇದ್ದೇವೆ, ಉಳಿದದ್ದು ನಿಮ್ಮ ಅವ್ವನ ಕಾಗದದಲ್ಲಿ ಬರುತ್ತದೆ ಎಂದೆ. ಅಷ್ಟರಲ್ಲಿ ಸರದಿಯಲ್ಲಿ ನಿಂತ ಇನ್ನೊಬ್ಬರಿಗೆ ಫೋನು ಕೊಡಬೇಕಾಯಿತು. ಅವನ ಕೈಫೋನು ಮತ್ತೆ ಮಾತಾಡಿದ್ದು ಅಕ್ಟೋಬರ್ ೧೪ರ ನಂತರ.

ಅದಕ್ಕಿಂತ ಮೊದಲೇ, ನವರಾತ್ರಿಯ ಎರಡನೆಯ ದಿನ, ಅವನ ಕಾಗದ ಬಂತು. ಅಲ್ಲಿಯ ವರೆಗೆ ಅವನ ಕಾಗದಗಳು ನನ್ನವುಗಳ ಮಾದರಿಯವು: ಇಲ್ಲಿ ಕ್ಷೇಮ, ಅಲ್ಲಿ ಕ್ಷೇಮವೆಂದು ನಂಬಿದ್ದೇನೆ, ಸಹಿ. ಇದು ಐದು ಪುಟವಿತ್ತು. ಒತ್ತಕ್ಷರಗಳು ಅಲ್ಲಲ್ಲಿ ಜಾರಿದ್ದವು, ಎರಡು ಕಡೆ ಬಾಲಬೋಧ ಲಿಪಿಯ ಅಕ್ಷರ ನುಸುಳಿತ್ತು. ನನ್ನ ಕೆಂಪು ಲೇಖಣಿ ಕಿಸೆಯಲ್ಲಿ ಸ್ವಲ್ಪ ಮಿಸುಕಿದ್ದು ನಿಜ. ತೊಲೆಗೆ ಗೆದ್ದಲು ನೋಡಿರಿ, ಹೊಸ ಗೋಡೆ ಮಣ್ಣಿನದು ಬೇಡ, ಅಜ್ಜಿಯ ಕನ್ನಡಕ ಸಿಕ್ಕಿತೇ ಎಂದೆಲ್ಲ ಕೇಳಿದ್ದ. ಮೂರನೆಯ ಪುಟದಲ್ಲಿ ಹೀಗೆ ಬರೆದಿದ್ದ: ಹಿಂದಿನ ಸಂಕ್ರಾಂತಿಗೆ ನೀವು ಕಳಿಸಿದ ಕುಸುರೆಳ್ಳು ಬಂದಾಗ ತಾನು ಆಸ್ಪತ್ರೆಯಲ್ಲಿದ್ದೆ. ಥಂಡಿ ಎದೆಯಲ್ಲಿ ಇಳಿದು ಹನ್ನೊಂದು ದಿನ ಮಲಗಿದ್ದೆ. ಆ ಚಿಟಿಕೆ ಎಳ್ಳನ್ನು ಆಚೀಚೆಯ ಹಾಸಿಗೆಯವರಿಗೆ ಎರಡೆರಡು ಕಾಳು ಹಂಚಿದೆ. ನಿಮ್ಮ ಹಬ್ಬ ಕೆಡಬಾರದೆಂದು ಬರೆದಿರಲಿಲ್ಲ. "ನೀವು ಗ್ವಾಡಿ ಬಿದ್ದದ್ದು ಬರದ್ರಿ. ಅದಕ್ಕ ನಾನೂ ಬರದ್ನಿ."

ಎರಡು ದಿನ ಮನೆಯಾಕೆ ಯಾರ ಸಂಗಡವೂ ಸರಿಯಾಗಿ ಮಾತಾಡಲಿಲ್ಲ. ಆ ಜನವರಿಯ ಹನ್ನೊಂದು ದಿನಗಳಲ್ಲಿ ತಾನು ಏನೇನು ಮಾಡುತ್ತಿದ್ದೆ, ಯಾವ ದಿನ ಯಾರ ಮನೆಗೆ ಎಳ್ಳು ಬೀರಲು ಹೋಗಿದ್ದೆ ಎಂದು ಬೆರಳು ಮಡಿಚಿ ಎಣಿಸುತ್ತಿದ್ದಳು. ಮೂರನೆಯ ದಿನ ಕುಳಿತು ಅವನಿಗೆ ಬೈದು ಕಾಗದ ಬರೆದಳು. ಅದರಲ್ಲಿ ಕೊನೆಗೆ ಬನ್ನಿ ಮತ್ತು ಆಪಟೆಯ ಎಲೆಗಳೂ ಹೋದವು. ದೀಪಾವಳಿಯ ಗಂಟನ್ನು ಕಟ್ಟುವಾಗ ಕರ್ಚಿಕಾಯಿ, ಚಕ್ಕಲಿ, ಶೇಂಗಾ ಚಟ್ನಿಗಳ ನಡುವೆ ಎರಡು ಜೊತೆ ಉಣ್ಣೆಯ ಕಾಲುಚೀಲ ಸೇರಿದವು. ಸೈನ್ಯದಲ್ಲಿ ಅದೆಲ್ಲ ಕೊಡುತ್ತಾರೆಂದು ನಾನು ಹೇಳಿದೆ. ಆಕೆ ಕೇಳಿಸಿಕೊಂಡಂತೆ ಕಾಣಲಿಲ್ಲ. ಅಂಚೆಯವನು ತೂಕಕ್ಕಿಟ್ಟು, ಮರಾಠಿಯಲ್ಲಿ, ಒಳಗೆ ಏನಿದೆ ಎಂದು ಕೇಳಿದಾಗ, "ಫರಾಳ" ಎಂದು ಹೇಳಿ, ಒಂದು ಗಳಿಗೆ ತಡೆದು, "ಮತ್ತ ಕಾಲಚೀಲ" ಎಂದು ಕನ್ನ‌ಡದಲ್ಲಿ ಸೇರಿಸಿದಳು. ಎರಡು ಕಿಲೋ ಮುನ್ನೂರು ಗ್ರಾಮು ತುಂಬಿತು.